ಅರಿಸಿನದ ಕೈಗೆ ಒಪ್ಪುವ ಬಣ್ಣ

ಹೊಸ ರೇಷ್ಮೆ ನೂಲಿಗೆ ಒಂದು ವಾಸನೆಯುಂಟು. ಎಣ್ಣೆನೀರು ಹಾಕಿಸಿಕೊಂಡ ತಲೆ ಅರೆಬರೆ ಒಣಗಿದಾಗ ಬರುವ ವಾಸನೆಗೆ ಹತ್ತಿರದ್ದು. ಮೊನ್ನೆ ಮಗಳು ಮಾನಸಳ ಧಾರೆ ಸೀರೆಗೆ ಕುಚ್ಚು ಕಟ್ಟಿಸಲು ಮದ್ದೂರಿನ ಅಂಗಡಿಯೊಂದಕ್ಕೆ ಹೋಗಿದ್ದೆವು. ಅಂಗಡಿಯಾಕೆ ನೂಲಿನ ಡಬ್ಬಿಯ ಮುಚ್ಚಳ ತೆಗೆದದ್ದೇ ತಡ, ಆ ವಾಸನೆ ನನ್ನನ್ನು ಕೊತ್ತತ್ತಿಯ ನಮ್ಮ ತೊಟ್ಟಿಮನೆಗೆ ಎಳೆದುಕೊಂಡು ಹೋಯಿತು. ಮಾನಸ ತನ್ನ ಹಸಿರು ಸೀರೆಗೆಂದು ರಾಣಿ ಬಣ್ಣದ ನೂಲು ಎತ್ತಿಕೊಂಡಳು. "ಮೇಡಂ, ಇವರ ಸ್ಕಿನ್ ಟೋನಿಗೆ ಇದು ತುಂಬ ಹೊಡೆಯುತ್ತೆ. ಯಾವುದಾದ್ರೂ ತಿಳಿ ಬಣ್ಣ ತಗೊಳ್ಳಿ," ಎಂದಳು ಅಂಗಡಿಯಾಕೆ. ಮಗಳು ನೂಲನ್ನು ಮೆಲ್ಲಗೆ ಕೆಳಗಿಟ್ಟಳು. ಆ ಮಾತನ್ನು ನಾನು ಹಿಂದೆಯೂ ಕೇಳಿದ್ದೆ, ಇಂಗ್ಲಿಷಿಲ್ಲದೆ.

ಆ ತೊಟ್ಟಿಮನೆ ಈಗಿಲ್ಲ. ಪಾಲಾಗಿ, ತೊಟ್ಟಿ ಮುಚ್ಚಿ, ಅಲ್ಲಿ ಮೂರು ತಾರಸಿ ಮನೆಗಳು ಎದ್ದಿವೆ. ಚೆನ್ನಾಗಿಯೇ ಇವೆ, ಬೈಯಲು ನನಗೇನೂ ಕಾರಣವಿಲ್ಲ. ಆದರೆ ನನ್ನೊಳಗಿನ ತೊಟ್ಟಿಗೆ ಇನ್ನೂ ಬಿಸಿಲು ಬೀಳುತ್ತದೆ, ಕಂಬಕ್ಕೊರಗಿ ಜಯತ್ತೆ ತಲೆ ಬಾಚಿಕೊಳ್ಳುತ್ತಿರುತ್ತಾಳೆ. ಅಪ್ಪನ ಕೊನೆಯ ತಂಗಿ ಅವಳು. ಎಣ್ಣೆಗಪ್ಪು ಮೈ, ಸೊಂಟ ದಾಟುವ ಜಡೆ, ಸುಮ್ಮನೆ ಕೂತಿದ್ದರೂ ನಗುತ್ತಿರುವಂತೆ ಕಾಣುವ ಬಾಯಿ. ಯಾವ ಹಬ್ಬಕ್ಕೂ ಅವಳ ಪಾಲಿಗೆ ಬಣ್ಣವೆನ್ನುವಂಥ ಬಣ್ಣ ಬಂದದ್ದಿಲ್ಲ. ಬೂದು, ಕೆನೆ, ಮಾಸಿದಂಥ ನೀಲಿ. "ಕಪ್ಪಗಿರೋಳ್ಗೆ ಅದೇ ಲಕ್ಷಣ ಕಣಮ್ಮಿ," ಎನ್ನುತ್ತ ಅವನ್ನು ಆರಿಸಿ ತರುತ್ತಿದ್ದವರು ದೊಡ್ಡಪ್ಪನ ಹೆಂಡತಿ, ನಮ್ಮ ದೊಡ್ಡಮ್ಮ. ಅವರು ಕೆಟ್ಟವರಲ್ಲ. ಜಯತ್ತೆ ಉಣ್ಣದೆ ತಾವು ಉಣ್ಣುತ್ತಿರಲಿಲ್ಲ. ಬೆಳ್ಳಗಿದ್ದರು, ಅಷ್ಟೇ.

ಜಯತ್ತೆಗೆ ಮಳವಳ್ಳಿ ಕಡೆಯ ಗಂಡು ಗೊತ್ತಾಯಿತು. ಅವರು ಕುಂಕುಮ ಬಣ್ಣದ ಧಾರೆ ಸೀರೆ ತಂದುಕೊಟ್ಟು ಹೋದರು. ನಮ್ಮ ಮನೆಯ ಪದ್ಧತಿಯಲ್ಲಿ ಸೀರೆ ಗಂಡಿನ ಕಡೆಯದು, ಸೆರಗಿನ ಕುಚ್ಚು ಮತ್ತು ಅದೇ ನೂಲಿನಲ್ಲಿ ಹೆಣೆಯುವ ರವಿಕೆ ತೋಳಿನ ಅಂಚು ಹೆಣ್ಣಿನ ಕಡೆಯದು. ದೊಡ್ಡಮ್ಮ ಮಂಡ್ಯಕ್ಕೆ ಹೋಗಿ ಈರುಳ್ಳಿ ಸಿಪ್ಪೆ ಬಣ್ಣದ ನೂಲು ತಂದರು. ಮಧ್ಯಾಹ್ನ ಜಯತ್ತೆ ನನ್ನನ್ನು ಕೋಣೆಗೆ ಕರೆದು, ಟ್ರಂಕಿನ ತಳದಿಂದ ತಾನೇ ಯಾವಾಗಲೋ ಕೊಂಡು ಬಚ್ಚಿಟ್ಟಿದ್ದ ಒಂದು ಲಡಿ ನೂಲು ತೆಗೆದು ತೋರಿಸಿದಳು. ನಾಟಿಗೆ ಮುಂಚೆ ನಾಲೆ ಪಕ್ಕದ ಒಟ್ಲಿನಲ್ಲಿ ಭತ್ತದ ಪೈರು ಒತ್ತೊತ್ತಾಗಿ ನಿಂತಿರುತ್ತದಲ್ಲ, ಅದೇ ಹಸಿರು. "ಇದೊಂದ್ಸಲನಾದ್ರೂ ನಂಗೆ ಬೇಕಾದ್ ಬಣ್ಣ ಉಟ್ಕೋಬೇಕು ಕಣೇ. ಯಾರ್ಗೂ ಏಳ್ಬ್ಯಾಡ," ಎಂದಳು. ಅಂಥ ಮಾತು ನನ್ನ ಹೊಟ್ಟೆಯಲ್ಲಿ ನಿಲ್ಲುವುದುಂಟೇ! ಸಂಜೆಯೊಳಗೆ ಅಜ್ಜಿಯ ಕಿವಿಗೆ ಹಾಕಿದ್ದೆ.

ಮಾರನೆಯ ಬೆಳಿಗ್ಗೆ ಅಜ್ಜಿ ಕಲ್ಲಿನಲ್ಲಿ ಅರೆದ ಹಸಿ ಅರಿಸಿನದ ಬಟ್ಟಲು ಹಿಡಿದು ತೊಟ್ಟಿಗೆ ಬಂದಳು. ಬಿಸಿಲು ಬಿದ್ದಿದ್ದ ಕಡೆ ಒಂದು ಮೊರ ಇಟ್ಟು, "ಬನ್ರವ್ವ, ಕೈ ಕೊಡಿ," ಎಂದಳು. ಜಯತ್ತೆಯ ಕೈಗೆ ದಪ್ಪಗೆ ಬಳಿದಳು, ದೊಡ್ಡಮ್ಮನ ಕೈಗೂ ಬಳಿದಳು, ಆಸೆಯಿಂದ ನಾನೂ ಚಾಚಿದ್ದಕ್ಕೆ ನನಗೂ ಬಳಿದಳು. ಮೊರದ ಮೇಲೆ ಮೂರು ಕೈ, ಮೂರೂ ಒಂದೇ ಹಳದಿ.

"ಈಗ ಏಳವ್ವ," ಎಂದಳು ಅಜ್ಜಿ ದೊಡ್ಡಮ್ಮನಿಗೆ, "ಇದ್ರಲ್ಲಿ ಬೆಳ್ಳಗಿರಾದ್ಯಾವ್ದು, ಕಪ್ಪಗಿರಾದ್ಯಾವ್ದು? ಧಾರೆ ಎರೆಯೋವಾಗ ಜನ ನೋಡಾದು ಈ ಕೈಯ. ಕುಚ್ಚು ಇದಕ್ಕೊಪ್ಪುದ್ರೆ ಸಾಕು." ಆಮೇಲೆ ಜಯತ್ತೆಯತ್ತ ತಿರುಗಿ, "ಓಗು, ಟ್ರಂಕಲ್ಲಿರಾದ್ನೂ ತಗೊಂಬಾ," ಎಂದಳು.

ಜಯತ್ತೆ ನನ್ನನ್ನು ನೋಡಿದ ನೋಟಕ್ಕೆ ನಾನು ಕಂಬದ ಹಿಂದೆ ಸರಿದೆ. ಆದರೂ ಲಡಿ ಬಂತು. ಈರುಳ್ಳಿ ಸಿಪ್ಪೆಯ ನೂಲು ಅವಳ ಕೈಮೇಲೆ ಇದ್ದೂ ಇಲ್ಲದಂತಾಯಿತು. ಹಸಿರನ್ನಿಟ್ಟಾಗ ತೊಟ್ಟಿಯೇ ಬೆಳಗಾದಂತೆ ಕಂಡಿತು. ದೊಡ್ಡಮ್ಮ ಎರಡನ್ನೂ ಸುಮಾರು ಹೊತ್ತು ನೋಡಿದರು. ಕೊನೆಗೆ ತಾವು ತಂದದ್ದನ್ನು ಎತ್ತಿ ಮಡಿಲಿಗೆ ಹಾಕಿಕೊಂಡು, "ಕುಚ್ಚ ನಾನೇ ಕಟ್ತೀನಿ ಬುಡಿ," ಎಂದರು. ಕಟ್ಟಿಯೂ ಕಟ್ಟಿದರು, ಒಂದು ಗಂಟೂ ಸಡಿಲವಿರಲಿಲ್ಲ.

ಧಾರೆಯ ದಿನ ಹಾಲುನೀರು ಸುರಿಯುತ್ತಿದ್ದಾಗ ಜಯತ್ತೆ ಗಂಡನನ್ನೂ ನೋಡಲಿಲ್ಲ, ಜನರನ್ನೂ ನೋಡಲಿಲ್ಲ. ತನ್ನ ಹಳದಿ ಕೈಯನ್ನು, ತೋಳಿನ ಹಸಿರು ಅಂಚನ್ನು ನೋಡುತ್ತಿದ್ದಳು. ತನ್ನನ್ನು ತಾನು ಅಷ್ಟು ಇಷ್ಟಪಟ್ಟು ನೋಡಿಕೊಂಡದ್ದನ್ನು ನಾನು ಕಂಡದ್ದು ಅವತ್ತೇ ಮೊದಲು. ಆಮೇಲೆ ಮಳವಳ್ಳಿಯಿಂದ ಬಂದಾಗಲೆಲ್ಲ ಕೇಸರಿಯೋ ನೇರಳೆಯೋ ಉಟ್ಟೇ ಬಸ್ಸಿಳಿಯುತ್ತಿದ್ದಳು, ದೂರದಿಂದಲೇ ಗೊತ್ತಾಗುತ್ತಿತ್ತು. ಅಜ್ಜಿ ಹೋದಳು, ದೊಡ್ಡಮ್ಮ ಹೋದರು. ಹೋದ ವರ್ಷ ಜಯತ್ತೆಯೂ ಹೋದಳು. ಮಾನಸಳ ಮೈಬಣ್ಣ ಥೇಟು ಅವಳದೇ.

ಅವತ್ತು ಅಂಗಡಿಯಿಂದ ರಾಣಿ ಬಣ್ಣವನ್ನೂ ತಿಳಿ ಬಣ್ಣವನ್ನೂ ಕೊಂಡು ತಂದೆ. ಮನೆಗೆ ಬಂದು, ಮದುವೆಗೆಂದು ತಂದಿಟ್ಟಿದ್ದ ಹೊಸ ಮೊರವನ್ನು ಬಾಲ್ಕನಿಯ ಬಿಸಿಲಿಗೆ ಇಟ್ಟು, ಪ್ಯಾಕೆಟ್ಟಿನ ಅರಿಸಿನ ಕಲಸಿದೆ. "ಅಮ್ಮ, ನಿಂಗೇನಾಯ್ತು?" ಎಂದು ನಗುತ್ತಲೇ ಮಗಳು ಕೈ ಕೊಟ್ಟಳು. ಅವಳ ಕೈಗೆ ಬಳಿದು ನನ್ನ ಕೈಗೂ ಬಳಿದುಕೊಂಡೆ. ಒಂದೊಂದೇ ನೂಲು ಇಟ್ಟು ನೋಡಿದೆವು. ಅವಳ ನಗು ನಿಂತಿತು. "ರಾಣಿ ಬಣ್ಣಾನೇ ಕಣಮ್ಮ," ಎಂದಳು, ಅಂಗಡಿಯಲ್ಲಿ ಇಲ್ಲದ ಗಟ್ಟಿ ದನಿಯಲ್ಲಿ. ನನಗೆ ಹೇಳತೀರದಷ್ಟು ಸಂತೋಷವಾಯಿತು. ಅರಿಸಿನ ಒಣಗುವವರೆಗೂ ಇಬ್ಬರೂ ಹಾಗೇ ಕೂತಿದ್ದೆವು. ಮೊರದ ಮೇಲೆ ಇನ್ನೊಂದು ಕೈಗೆ ಜಾಗವಿತ್ತು.