ಓಸ್ಲಾ ಕಟ್ಟಿದ ಬಿರುಗಾಳಿ

ಶೆಟ್‌ಲೆಂಡ್ ದ್ವೀಪದ ಒಂದು ಕಡಲೂರಿನಲ್ಲಿ ಓಸ್ಲಾಳಷ್ಟು ಚೆನ್ನಾಗಿ ಗಾಳಿ ಕಟ್ಟುವವರು ಬೇರೆ ಯಾರೂ ಇರಲಿಲ್ಲ. ಸ್ವೆಟರ್ ಹೆಣೆಯುವ ಅದೇ ಕೈಯಿಂದ ಮೀನುಗಾರರ ಹಗ್ಗಕ್ಕೆ ಮೂರು ಗಂಟು ಹಾಕಿಕೊಡುತ್ತಿದ್ದಳು. ಮೊದಲನೆಯದನ್ನು ಬಿಚ್ಚಿದರೆ ಹಾಯಿಗೆ ಸಾಕಾಗುವಷ್ಟು ಗಾಳಿ, ಎರಡನೆಯದಕ್ಕೆ ಜೋರುಗಾಳಿ. ಮೂರನೆಯದರಲ್ಲಿ ಬಿರುಗಾಳಿ, ಅದನ್ನು ಯಾರೂ ಬಿಚ್ಚುತ್ತಿರಲಿಲ್ಲ. ಕಟ್ಟಿದವರೇ ಕೂಗಿ ಕರೆದರೆ ಮಾತ್ರ ಅದು ಹಿಂದಕ್ಕೆ ಬರುವುದು.

ಇಂಥವಳ ಮಗಳು ಮೆರನ್ ಗಂಟು ಹಾಕಿದರೆ ದೀಪದ ಕುಡಿಯೂ ಅಲುಗುತ್ತಿರಲಿಲ್ಲ. ಹುಡುಗಿಗೆ ಆಗಲೇ ಒಂಬತ್ತು ವರ್ಷ.

ಕಡಲ ನಡುವಿನ ಬಂಡೆಶಾಲೆ ವರ್ಷಕ್ಕೆ ಏಳೇ ಮಕ್ಕಳನ್ನು ತೆಗೆದುಕೊಳ್ಳುತ್ತಿತ್ತು. ಅಲ್ಲಿ ಓದಿದವರು ದೊಡ್ಡ ಹಡಗುಗಳಲ್ಲಿ ಗಾಳಿಗೆ ಅಪ್ಪಣೆ ಕೊಡುತ್ತಿದ್ದರು. ಉಳಿದವರು ಉಪ್ಪಿಗೆ ಬಿರಿದ ಬೆರಳುಗಳಲ್ಲಿ ಸಾಯುವ ತನಕ ಮೀನು ಸೀಳುತ್ತಿದ್ದರು. ಊರಿನ ತಾಯಂದಿರಿಗೆ ತಲೆ ಕೆಟ್ಟಿತ್ತು. ಹಾಲುಹಲ್ಲು ಬೀಳುವ ಮೊದಲೇ ಮಕ್ಕಳನ್ನು ಟ್ಯೂಷನ್ನಿಗೆ ದೂಡುತ್ತಿದ್ದರು.

"ಏನೇ ಓಸ್ಲಾ, ನನ್ ಮಗಳು ಸಿನ್ನಿ ಹೋದ್ ವರ್ಷಾನೇ ಬಂಡೆಶಾಲೆ ಸೇರ್ಕೊಂಡ್ಲಪ್ಪ," ಎಂದಳು ಪಕ್ಕದ ಮನೆಯ ಬಾಬಿ. "ನಿನ್ ಮಗಳಿಗೆ ಮೀನು ಸೀಳೋ ಚಾಕು ಈಗ್ಲೇ ಮಸೆದಿಡು."

ಆ ಮಾತು ಓಸ್ಲಾಳ ಎದೆಗೆ ನಾಟಿತು. ಪ್ರವೇಶ ಪರೀಕ್ಷೆಗೆ ಮಗುವೇ ಗಂಟು ಹಾಕಿದ ಹಗ್ಗ ತರಬೇಕು. ಓಸ್ಲಾ ತಾನೇ ಹಾಕಿಕೊಟ್ಟಳು. ಅಷ್ಟಕ್ಕೇ ಬಿಡಲಿಲ್ಲ, ಪರೀಕ್ಷಕರು ಮುಟ್ಟಿದರೆ ಬೆಚ್ಚಿಬೀಳಬೇಕೆಂದು, ತಾನು ಜನ್ಮದಲ್ಲೇ ಹಿಡಿದಿರದಂಥ ಬಿರುಗಾಳಿಯನ್ನು ಮೂರನೆಯ ಗಂಟಿಗೆ ತುಂಬಿದಳು. ಅವರು ಎರಡು ಗಂಟು ಬಿಚ್ಚಿಸಿದರು, ಮೂರನೆಯದನ್ನು ಮುಟ್ಟಿ ತಲೆದೂಗಿದರು. ಮೆರನ್ ಪಾಸಾದಳು.

ಶಾಲೆ ಶುರುವಾಗುವ ದಿನ ಬೆಳಿಗ್ಗೆ, ದೋಣಿಕಟ್ಟೆಯ ಮೇಲೆ ಮಾಸ್ತರರು ಒಂದು ಕಾಗದ ಚಾಚಿದರು.

"ಹಗ್ಗ ಮಗು ಕೈಯದೇ ಅಂತ ಸಹಿ ಹಾಕ್ಬಿಡಮ್ಮ. ಇವತ್ತು ಬಂಡೆ ಮೇಲೆ ಒಬ್ಬೊಬ್ರೇ ನಿಂತು ಮೂರನೇ ಗಂಟು ಬಿಚ್ತಾರೆ, ಗಾಳೀನ ಕರೆದು ತಿರುಗಿ ಕಟ್ತಾರೆ. ಬೇರೆಯವರ ಕೈಯದಾಗಿದ್ರೆ ಮಗು ಉಳಿಯಲ್ಲ, ನೋಡು."

ಮೆರನ್ ಓಸ್ಲಾಳ ಲಂಗ ಎಳೆದು ಪಿಸುಗುಟ್ಟಿದಳು: "ಅಮ್ಮಾ, ಹೇಳ್ಬಿಡೋಣ."

ಹಿಂದೆ ಬಾಬಿ ಕೈಕಟ್ಟಿಕೊಂಡು ನೋಡುತ್ತಿದ್ದಳು.

"ಸುಮ್ನಿರು. ಅಲ್ಲಿ ಮೇಷ್ಟ್ರು ಇರ್ತಾರೆ," ಎಂದು ಓಸ್ಲಾ ಸಹಿ ಹಾಕಿದಳು. ಅವಳನ್ನು ಎಷ್ಟು ಬೈದರೂ ಸಾಲದು. ಆದರೆ ಆ ಕಟ್ಟೆಯ ಮೇಲೆ ನಿಂತ ಬೇರೆ ಯಾವ ತಾಯಿ ಸಹಿ ಹಾಕದೆ ಇರುತ್ತಿದ್ದಳೋ, ಹೇಳುವುದು ಕಷ್ಟ.

ದೋಣಿ ಹೋಯಿತು. ಮಧ್ಯಾಹ್ನದ ಹೊತ್ತಿಗೆ ಕಡಲು ಕಪ್ಪಿಟ್ಟಿತು, ಕೋಳಿಗಳು ಗೂಡು ಸೇರಿದವು. ಬಾಬಿಯ ಮನೆಯ ಕಿಟಕಿ ಪಟಪಟನೆ ಬಡಿದು ಕಿತ್ತೇಹೋಯಿತು.

"ಅಬ್ಬಬ್ಬಾ, ಯಾವ ಮಗೂದೇ ಈ ಗಾಳಿ? ನನ್ ಸಿನ್ನೀದು ಇದರ ಕಾಲು ಭಾಗಾನೂ ಇರ್ಲಿಲ್ಲ," ಎಂದಳು ಬಾಬಿ. ಹೊಟ್ಟೆಕಿಚ್ಚು ಮುಖದಲ್ಲೇ ಕಾಣುತ್ತಿತ್ತು.

"ನನ್ ಮೆರನ್‌ದು," ಎಂದಳು ಓಸ್ಲಾ, ಹೆಮ್ಮೆಯಿಂದ.

ಆ ಹೆಮ್ಮೆ ತನ್ನ ಕಿವಿಗೇ ಬಿದ್ದಾಗ ಗಾಳಿ ಕಟ್ಟಿದ್ದು ತಾನೇ ಎಂಬುದು ಅವಳಿಗೆ ನೆನಪಾಯಿತು. ದಡಕ್ಕೆ ಓಡಿದಳು. "ಬಾ, ಬಾ, ನಾನಿಲ್ಲಿದೀನಿ," ಎಂದು ಗಂಟಲು ಹರಿಯುವಂತೆ ಗಾಳಿಯನ್ನು ಕರೆದಳು. ಬಂಡೆ ಎರಡು ಮೈಲಿ ದೂರದಲ್ಲಿತ್ತು, ಮತ್ತು ಅವಳೇ ತುಂಬಿಟ್ಟ ಗಾಳಿಯ ಆರ್ಭಟದಲ್ಲಿ ಅವಳ ಕೂಗು ಕಟ್ಟೆಯನ್ನೂ ದಾಟಲಿಲ್ಲ.