ಸಿಸಿಲಿಯಾ ಸಿಸ್ಟರ್ ಇಳಿಸಿದ ಕೈ

ಎದುರಿಗೆ ಕುಳಿತವರು ಬಾಯಿಗೆ ಕೈ ಅಡ್ಡ ಹಿಡಿದರೆ ಸಿಸಿಲಿಯಾ ಸಿಸ್ಟರಿಗೆ ಸಹಿಸಲಾಗುತ್ತಿರಲಿಲ್ಲ. ಪರದೆ ಸರಿಸಿದಷ್ಟು ಸಲೀಸಾಗಿ ಆ ಕೈಯನ್ನು ಹಿಡಿದು ಇಳಿಸಿಬಿಡುತ್ತಿದ್ದರು. ಫಳ್ನೀರಿನ ಸಣ್ಣ ದಂತ ಚಿಕಿತ್ಸಾಲಯವೊಂದರಲ್ಲಿ ಬಹುಕಾಲ ದಾದಿಯಾಗಿದ್ದ ಅವರು ಹೆಸರನ್ನು ಮರೆತರೂ ಹಲ್ಲನ್ನು ಮರೆಯುತ್ತಿರಲಿಲ್ಲ. ಬಸ್ಸಿನಲ್ಲಿ ಸಿಕ್ಕವರನ್ನೂ, "ನಿನ್ನ ದವಡೆ ಹಲ್ಲು ಹೇಗುಂಟು?" ಎಂದೇ ವಿಚಾರಿಸುತ್ತಿದ್ದರು.

ಮುರಿದಿದ್ದ ನನ್ನ ಮುಂದಿನ ಹಲ್ಲಿಗೆ ತಾತ್ಕಾಲಿಕ ಕ್ಯಾಪ್ ಕೂರಿಸಿದಾಗ ಅವರ ಪರಿಚಯವಾಯಿತು. ಕಾಯಂ ಕ್ಯಾಪ್ ಬರಲು ಎರಡು ವಾರ ಬೇಕಿತ್ತು. ಕಾಲೇಜೊಂದರ ಉಪನ್ಯಾಸಕಿ ಹುದ್ದೆಯ ಸಂದರ್ಶನಕ್ಕೆ ಉಳಿದಿದ್ದುದು ಹತ್ತೇ ದಿನ. ನಮ್ಮ ಮನೆಯಲ್ಲಿ ಪದವಿ ಪಡೆದ ಮೊದಲಿಗಳು ನಾನು. ಅಲ್ಲಿಯವರೆಗೆ ಆ ಹಲ್ಲು ನಿಲ್ಲಲೇಬೇಕಿತ್ತು.

"ಕಡಲೆ ಚಿಕ್ಕಿ, ಚೂಯಿಂಗ್ ಗಮ್ ಬೇಡ. ಮುಂದಿನ ಹಲ್ಲಲ್ಲಿ ಎಂತದನ್ನೂ ಕಚ್ಚಬೇಡ. ಬ್ರಷ್ ಮಾಡು, ಆದ್ರೆ ಪಾತ್ರೆ ತಿಕ್ಕಿದ ಹಾಗೆ ಅಲ್ಲ" ಎಂದರು. ನಾನು ಎಲ್ಲವನ್ನೂ ಪುಸ್ತಕದಲ್ಲಿ ಬರೆದುಕೊಳ್ಳುವುದನ್ನು ಕಂಡು ನಕ್ಕರು. "ಎಂತ ಮಾರಾಯ್ತಿ, ಇದು ಪರೀಕ್ಷೆಗೆ ಬರ್ತದಾ?"

ನನ್ನ ನಾಲಿಗೆ ಹಗಲೆಲ್ಲ ಆ ಕ್ಯಾಪನ್ನು ತಡವುತ್ತಲೇ ಇತ್ತು. ಮೂರನೆಯ ದಿನ ಕುದ್ರೋಳಿಯ ಮನೆಯಿಂದ ಮತ್ತೆ ಚಿಕಿತ್ಸಾಲಯಕ್ಕೆ ಓಡಿದೆ.

"ಅಲುಗಾಡ್ತದೆ, ಸಿಸ್ಟರ್."

ಅವರು ಮುಟ್ಟಿ ನೋಡಿದರು. "ಹಲ್ಲಲ್ಲ, ಅಲುಗಾಡುದು ನೀನು. ನಾಲಿಗೆಯನ್ನು ಸ್ವಲ್ಪ ಸುಮ್ಮನೆ ಇರ್ಲಿಕ್ಕೆ ಬಿಡು."

ಸಂದರ್ಶನದ ಹಿಂದಿನ ಸಂಜೆ, ಮನಸ್ಸಿನ ತಳಮಳ ತಾಳಲಾರದೆ, ಅಮ್ಮನ ಪಕ್ಕ ಬೀಡಿ ಕಟ್ಟಲು ಕುಳಿತೆ. ಬಾಲ್ಯದ ಅಭ್ಯಾಸದಂತೆ ನೂಲನ್ನು ಹಲ್ಲಿನಿಂದ ಕಡಿದೆ. ನೂಲಿನ ಜೊತೆ ಕ್ಯಾಪೂ ಕೈಗೆ ಬಂತು. ಚಿಕ್ಕಿಯ ಬಗ್ಗೆ ಬರೆದುಕೊಂಡಿದ್ದೆ; ನಮ್ಮ ಮನೆಯ ನೂಲಿನ ನೆನಪು ನನಗೇ ಆಗಿರಲಿಲ್ಲ.

ಬೆಳಿಗ್ಗೆ ಚಿಕಿತ್ಸಾಲಯದ ಬಾಗಿಲು ತೆಗೆಯುತ್ತಿದ್ದ ಸಿಸ್ಟರಿಗೆ ಕ್ಯಾಪನ್ನೂ ನಾನು ತಂದಿದ್ದ ಅಂಟಿನ ಟ್ಯೂಬನ್ನೂ ತೋರಿಸಿದೆ. ಟ್ಯೂಬನ್ನು ಕಸಿದುಕೊಂಡರು.

"ಇದು ಚಪ್ಪಲಿಗೆ! ಒಸಡು ಸುಟ್ಟು ಹೋಗ್ತದೆ. ಡಾಕ್ಟ್ರು ಬರುದು ಹತ್ತೂವರೆಗೆ."

"ನನಗೆ ಹತ್ತಕ್ಕೇ ಸಂದರ್ಶನ, ಸಿಸ್ಟರ್."

ಅವರು ಕ್ಯಾಪನ್ನು ತೊಳೆದು ಸಣ್ಣ ಡಬ್ಬಿಯಲ್ಲಿ ಹಾಕಿ ಕೊಟ್ಟರು. ಆಮೇಲೆ ಬಾಯಿಗೆ ಅಡ್ಡ ಹಿಡಿದಿದ್ದ ನನ್ನ ಕೈಯನ್ನು ಇಳಿಸಿದರು. "ಅವರಿಗೆ ಬೇಕಾದ್ದು ನಿನ್ನ ಉತ್ತರ. ಹೀಗೇ ಹೋಗು. ಮುಗಿಸಿ ಸೀದಾ ಇಲ್ಲಿಗೆ ಬಾ."

ಸಂದರ್ಶನದಲ್ಲಿ ಮೊದಲ ಪ್ರಶ್ನೆಗೆ ಕೈ ಅಡ್ಡ ಹಿಡಿದೇ ಉತ್ತರಿಸಿದೆ. ಎರಡನೆಯದಕ್ಕೆ ಆ ಕೈಯನ್ನು ಮಡಿಲಲ್ಲಿಟ್ಟು, ಇನ್ನೊಂದು ಕೈಯಿಂದ ಒತ್ತಿ ಹಿಡಿದುಕೊಂಡೆ.

ಮಧ್ಯಾಹ್ನ ಡಾಕ್ಟರು ಕ್ಯಾಪನ್ನು ಮರಳಿ ಕೂರಿಸುವಾಗ ಸಿಸ್ಟರ್ ನನ್ನ ಕಿವಿಯ ಬಳಿ ಬಾಗಿ, "ಕೈ ಇಳಿಸಿದ್ಯಾ?" ಎಂದು ಕೇಳಿದರು. ಬಾಯಿ ತೆರೆದಿದ್ದುದರಿಂದ ರೆಪ್ಪೆ ಮುಚ್ಚಿ ಹೌದೆಂದೆ.

ಹುದ್ದೆ ಸಿಕ್ಕಿತು. ಅದನ್ನು ಹೇಳುವ ಉತ್ಸಾಹದಲ್ಲಿ ಕಾಯಂ ಕ್ಯಾಪ್ ಹಾಕಿಸಲು ಹೋದರೆ ಸಿಸ್ಟರ್ ಇರಲಿಲ್ಲ. ಮಗಳ ಬಾಣಂತನಕ್ಕೆ ಕುವೈತಿಗೆ ಹೋಗಿದ್ದರು; ಇನ್ನು ಕೆಲಸಕ್ಕೆ ಬರುವುದಿಲ್ಲವಂತೆ.

ಹೊಸ ದಾದಿ ಕನ್ನಡಿ ಹಿಡಿದು, "ಒಮ್ಮೆ ನಗಿ ಮೇಡಂ" ಎಂದಳು. ನನ್ನ ಕೈ ತಾನಾಗಿ ಬಾಯಿಯತ್ತ ಏರಿತು. ಅರ್ಧದಲ್ಲಿ ನಿಂತು, ಯಾರಾದರೂ ಹಿಡಿದು ಇಳಿಸಲೆಂದು ಒಂದು ಕ್ಷಣ ಕಾದಿತು.