ಘಾಟಿಗೆ ಅಡ್ಡ ನಿಂತ ಗಿಡಗಳು

ಯಾರದೋ ಮನೆಯ ಒಗ್ಗರಣೆಯಲ್ಲಿ ಒಣಮೆಣಸಿನಕಾಯಿ ಹೊತ್ತಿದ ಘಾಟು ಬಂದರೆ ಸಾಕು, ಹಾವೇರಿಯ ಈ ಬಾಡಿಗೆ ಮನೆಯಲ್ಲಿ ಕೂತ ನನಗೆ ಬ್ಯಾಡಗಿಯ ನಮ್ಮ ಹಿತ್ತಲು ಕಣ್ಣಿಗೆ ಕಟ್ಟುತ್ತದೆ. ಸಂಕ್ರಾಂತಿ ಕಳೆಯಿತೆಂದರೆ ಹಿತ್ತಲ ಕಣದ ತುಂಬ ಕೆಂಪು ಕಾಯಿ ಹರವಿರುತ್ತಿತ್ತು. ಓಣಿಯ ಹೆಂಗಸರೆಲ್ಲ ಸೆರಗನ್ನು ಮೂಗಿಗೆ ಸುತ್ತಿಕೊಂಡು ತೊಟ್ಟು ಮುರಿಯಲು ಕೂತರೆ ಸೀನು, ನಗು, ಹೊಟ್ಟೆಯೊಳಗಿನ ಗುಟ್ಟು ಎಲ್ಲವೂ ಒಟ್ಟಿಗೇ ಹೊರಬೀಳುತ್ತಿದ್ದವು. ಅವರ ನಡುವೆ ಮಣೆ ಹಾಕಿಕೊಂಡು ಕೂತ ನಮ್ಮ ದೊಡ್ಡವ್ವನೇ ಆ ಮನೆಯ ಯಜಮಾನಿ. ಅವಳ ಬಾಯಿ ಜೋರು, ಕರುಳು ಮೆತ್ತಗೆ. ನನ್ನನ್ನು ಸಾಕಿದವಳೂ ಅವಳೇ.

ಕಣದ ಆಚೆ, ದಕ್ಷಿಣಕ್ಕೆ, ಗಂಗವ್ವನ ಮನೆ. ಅವಳಿಗೆ ದಮ್ಮು. ನಮ್ಮ ಕಾಯಿ ಒಣಗುವಷ್ಟು ದಿನವೂ ಅವಳ ಕೆಮ್ಮು ನಮ್ಮ ಹಿತ್ತಲಿಗೆ ಕೇಳುತ್ತಿತ್ತು. ದೊಡ್ಡವ್ವ ಅದನ್ನು ಕೇಳಿಸಿಕೊಂಡು ಕೂರುವವಳಲ್ಲ. "ನಮ್ಮ ಹೊಟ್ಟಿ ಸಲುವಾಗಿ ಆಕಿ ಉಸುರು ಕಟ್ಟಬೇಕೇನು?" ಎಂದವಳೇ, ಲಗೂ ಬೆಳೆಯುತ್ತವೆಂದು ಸೂಜಿಯಂಥ ಎಲೆಯ ಸರ್ವೆ ಸಸಿ ತರಿಸಿ ನಡುವೆ ಒತ್ತೊತ್ತಾಗಿ ಬೇಲಿ ಹಚ್ಚಿಸಿದಳು. ಗಾಳಿ ತಡೆಯುವ ಗಿಡ ಬಿಸಿಲನ್ನೂ ತಡೆಯುತ್ತದೆ ಎಂಬುದು, ಹುಟ್ಟಿದಾಗಿನಿಂದ ಕಾಯಿ ಒಣಗಿಸಿದ ನಮ್ಮ ಮಂದಿಗೆ ಹೊಳೆಯಲೇ ಇಲ್ಲ ನೋಡಿ!

ಹಾಳಾದವು ಬೆಳೆದದ್ದೇ ಬೆಳೆದದ್ದು. ಮೊದಮೊದಲು ತುದಿ ಕತ್ತರಿಸಿದೆವು. ಆಮೇಲೆ ಕುಡಗೋಲು ಎಟುಕಲಿಲ್ಲ. ಚಳಿಗಾಲದ ಸೂರ್ಯ ದಕ್ಷಿಣಕ್ಕೆ ವಾಲುತ್ತಲೇ ನೆರಳು ಕಣದ ತುಂಬ ಬೀಳುತ್ತಿತ್ತು. ಕಾಯಿ ಬೂಸ್ಟು ಹಿಡಿದು ಬಣ್ಣ ಕಳೆದುಕೊಂಡಿತು. ಬುಡಕ್ಕೇ ಕಡಿಸುವ ಮಾತು ಬಂದ ದಿನ ಗಂಗವ್ವ ಬಾಗಿಲಿಗೆ ಬಂದಳು. "ಅಕ್ಕಾ, ಈಗೀಗ ಕಣ್ಣಿಗೆ ನಿದ್ದಿ ಹತ್ತಾಕತ್ತೈತಿ" ಎಂದಳು, ಅಷ್ಟೇ. ಕಡಿಯಬೇಡಿ ಎನ್ನಲಿಲ್ಲ. ದೊಡ್ಡವ್ವ ಕೊಡಲಿಯವನಿಗೆ ಚಹಾ ಕುಡಿಸಿ ಕಳಿಸಿಬಿಟ್ಟಳು. ಮರುವರ್ಷ ನಮ್ಮ ಕಾಯಿ ಮೋಟೆಬೆನ್ನೂರಿನ ಹೊಲದ ಕಣಕ್ಕೆ ಹೋಯಿತು, ತೊಟ್ಟು ಮುರಿಯುವ ಹೆಂಗಸರೂ ಅತ್ತಲೇ ಹೋದರು. ಹಿತ್ತಲು ಬಿಕೋ ಎಂದಿತು. ದೊಡ್ಡವ್ವ ಮಾತ್ರ ಆ ಖಾಲಿ ಕಣವನ್ನು ದಿನಾ ಗುಡಿಸುವುದನ್ನು ಬಿಡಲಿಲ್ಲ.

ಅವಳು ಹೋಗಿ, ಮನೆಗೆ ಬೀಗ ಬಿದ್ದು ವರ್ಷಗಳಾದವು. ಹೋದ ಮಳೆಗಾಲದಲ್ಲಿ ಗಂಗವ್ವನೇ ಫೋನ್ ಮಾಡಿಸಿದಳು. "ಗಿಡ ತೆಗಸವಾ ತಂಗಿ. ಗಾಳಿ ಬಂದ್ರ ಜೀವ ಕೈಯಾಗ ಹಿಡಕೊಂಡು ಕುಂದ್ರತೇನಿ. ಈಗ ಘಾಟರೆ ಎಲ್ಲೈತಿ?" ಹೋದೆ. ಮರ ಕಡಿಯುವವನು ಬುಡ ಬಡಿದು ನೋಡಿ ತಲೆಯಾಡಿಸಿದ. "ಒಳಗ ಪೊಳ್ಳಾಗ್ಯಾವರಿ, ಮ್ಯಾಲೆ ಹತ್ತಾಕ ಬರಂಗಿಲ್ಲ. ಬುಡಕ್ಕ ಕೊಯ್ದು ಕೆಡವಬೇಕು. ಆ ಕಡೆ ಕೆಡವಿದ್ರ ಅವರ ಮನಿ, ಈ ಕಡೆ ಕೆಡವಿದ್ರ ಕಣ ದಾಟಿ ನಿಮ್ಮ ಮನಿ. ಹಂಗ ಬಿಟ್ರ ಒಂದಿನ ಅವರ ಮ್ಯಾಲೇ ಬೀಳ್ತಾವ. ಹೇಳ್ರಿ, ಏನ್ ಮಾಡ್ಲಿ?"

"ಈ ಕಡೆನ ಕೆಡವಪಾ" ಎಂದು ಹೇಳಿ, ಗಂಗವ್ವನನ್ನು ಕರೆದುಕೊಂಡು ಬೀದಿಯ ಆಚೆ ಒಂದು ಕಟ್ಟೆಯ ಮೇಲೆ ಕೂತೆ. ಅವಳು ನನ್ನ ಕೈ ಹಿಡಿದುಕೊಂಡಳು. ಮೊದಲ ಗಿಡಕ್ಕೆ ಅಡುಗೆಮನೆ ಹೋಯಿತು, ಎರಡನೆಯದಕ್ಕೆ ದೊಡ್ಡವ್ವ ಮಲಗುತ್ತಿದ್ದ ಕೋಣೆ.